ಸಿಂಫನಿ ಬರೆಯಲಿಲ್ಲ, ಒಪೆರಾ ಬರೆಯಲಿಲ್ಲ: ಆದರೂ ಪಿಯಾನೋ ಎಂದರೆ ಶೋಪಾನ್ ನೆನಪಾಗುವುದೇಕೆ?

ಪಿಯಾನೋಗೆ ಬರೆದವರಲ್ಲಿ ಯಾರು ದೊಡ್ಡವರು? ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರಸಿಕರು ನಾಲ್ಕು ಜನ ಸೇರಿದರೆ ಈ ಚರ್ಚೆ ಬಂದೇ ಬರುತ್ತದೆ. ಬೀಥೋವನ್ ಅಭಿಮಾನಿಗಳು ಅವರ 32 ಸೊನಾಟಾಗಳನ್ನು ಮುಂದಿಡುತ್ತಾರೆ. ಮೊಜಾರ್ಟ್ ಕಡೆಯವರು 27 ಪಿಯಾನೋ ಕನ್ಸರ್ಟೋಗಳ ಲೆಕ್ಕ ಕೊಡುತ್ತಾರೆ. ಪಿಯಾನೋ ಇನ್ನೂ ಮನೆಮನೆಗೆ ಬಾರದ ಕಾಲದಲ್ಲೇ ಬಾಖ್ ಬರೆದಿಟ್ಟ 48 ಪ್ರೆಲ್ಯೂಡ್ ಮತ್ತು ಫ್ಯೂಗ್‌ಗಳ ಮುಂದೆ ಉಳಿದದ್ದೆಲ್ಲ ಯಾವ ಲೆಕ್ಕ ಎನ್ನುವವರೂ ಇದ್ದಾರೆ.

ಈ ಸಾಲಿನಲ್ಲಿ ಫ್ರೆಡೆರಿಕ್ ಶೋಪಾನ್ ಅವರನ್ನು ನಿಲ್ಲಿಸಿದರೆ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ. ಅವರು ಒಂದು ಸಿಂಫನಿಯನ್ನೂ ಬರೆಯಲಿಲ್ಲ, ಒಂದು ಒಪೆರಾವನ್ನೂ ಬರೆಯಲಿಲ್ಲ. ಸೊನಾಟಾ ಅಂತ ಪಿಯಾನೋಗೆ ಬರೆದದ್ದು ಮೂರೇ, ಕನ್ಸರ್ಟೋ ಎರಡೇ. ಉಳಿದವುಗಳಲ್ಲಿ ಹೆಚ್ಚಿನವು ಕೆಲವೇ ನಿಮಿಷಗಳ ಸಣ್ಣ ರಚನೆಗಳು. ಬದುಕಿದ್ದು ಬರೀ 39 ವರ್ಷ, ಅದರಲ್ಲೂ ಅರ್ಧದಷ್ಟು ಕಾಯಿಲೆಯಲ್ಲೇ ಕಳೆಯಿತು. ಆದರೂ ಅವರು ತೀರಿಕೊಂಡು 175 ವರ್ಷ ದಾಟಿದ ಮೇಲೂ ಪಿಯಾನೋ ಕಲಿಯುವ ಹುಡುಗರಿಂದ ಹಿಡಿದು ಲೋಕಪ್ರಸಿದ್ಧ ಕಲಾವಿದರವರೆಗೆ ಯಾರಿಗೂ ಶೋಪಾನ್ ಅವರನ್ನು ಬಿಟ್ಟು ಮುಂದೆ ಹೋಗಲು ಆಗಿಲ್ಲ. ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಅವರ ಬದುಕನ್ನೇ ನೋಡಬೇಕು.

ಏಳನೇ ವಯಸ್ಸಿಗೇ ಅಚ್ಚಾದ ರಚನೆ

ಶೋಪಾನ್ ಹುಟ್ಟಿದ್ದು 1810ರಲ್ಲಿ, ಪೋಲೆಂಡ್‌ನ ವಾರ್ಸಾ ನಗರದ ಹತ್ತಿರದ ಝೆಲಾಜೊವಾ ವೋಲಾ ಎಂಬ ಹಳ್ಳಿಯಲ್ಲಿ. ಚರ್ಚ್‌ನ ದಾಖಲೆಯಲ್ಲಿ ಫೆಬ್ರವರಿ 22 ಎಂದಿದ್ದರೆ, ಮನೆಯವರು ಹುಟ್ಟುಹಬ್ಬ ಆಚರಿಸುತ್ತಿದ್ದದ್ದು ಮಾರ್ಚ್ 1ರಂದು. ತಂದೆ ನಿಕೊಲಾ ಫ್ರಾನ್ಸ್‌ನಿಂದ ಬಂದು ನೆಲೆಸಿದ ಮೇಷ್ಟ್ರು, ವಾರ್ಸಾದ ಶಾಲೆಯಲ್ಲಿ ಫ್ರೆಂಚ್ ಕಲಿಸುತ್ತಿದ್ದರು. ತಾಯಿ ಯುಸ್ಟಿನಾ ಪೋಲೆಂಡ್‌ನವರು. ನಾಲ್ವರು ಮಕ್ಕಳಲ್ಲಿ ಇವರೊಬ್ಬರೇ ಗಂಡು. ಅಕ್ಕ ಲುಡ್ವಿಕಾ, ತಂಗಿಯರು ಇಜಾಬೆಲಾ ಮತ್ತು ಎಮಿಲಿಯಾ. ಎಮಿಲಿಯಾ 14ನೇ ವಯಸ್ಸಿನಲ್ಲೇ ಕ್ಷಯಕ್ಕೆ ಬಲಿಯಾದಳು.

ಮೊದಲ ಗುರು ವೊಯ್ಚೆಕ್ ಜಿವ್ನಿ ನಿಜಕ್ಕೂ ಪಿಟೀಲು ವಾದಕರು. ಪಿಯಾನೋ ತಂತ್ರದಲ್ಲಿ ಅವರು ಹೇಳಿಕೊಡಬಹುದಾದದ್ದು ಕಡಿಮೆಯಿತ್ತು. ಆದರೆ ಬಾಖ್ ಮತ್ತು ಮೊಜಾರ್ಟ್ ಮೇಲಿನ ಭಕ್ತಿಯನ್ನು ಶಿಷ್ಯನ ಮನಸ್ಸಿನಲ್ಲಿ ನೆಟ್ಟರು, ಅದು ಕೊನೆಯವರೆಗೂ ಅಲುಗಲಿಲ್ಲ. ಹುಡುಗನಿಗೆ ಏಳು ವರ್ಷವಾಗಿದ್ದಾಗ, 1817ರಲ್ಲಿ, ಅವನು ರಚಿಸಿದ ಪೊಲೊನೇಸ್ ಒಂದು ಅಚ್ಚಾಯಿತು. ಮುಂದೆ ವಾರ್ಸಾದ ಸಂಗೀತ ಶಾಲೆಯಲ್ಲಿ ಯೂಜೆಫ್ ಎಲ್ಸ್‌ನರ್ ಗುರುವಾಗಿ ಸಿಕ್ಕರು. ಈ ಹುಡುಗ ಎಲ್ಲರಂತಲ್ಲ ಎಂದು ಗೊತ್ತಾದ ಮೇಲೆ ಎಲ್ಸ್‌ನರ್ ಅವನನ್ನು ನಿಯಮಗಳ ಚೌಕಟ್ಟಿಗೆ ತುರುಕಲು ಹೋಗಲಿಲ್ಲ. ಮೂರು ವರ್ಷದ ಕಲಿಕೆ ಮುಗಿದಾಗ ಬರೆದ ವರದಿಯಲ್ಲಿ ಶಿಷ್ಯನ ಪ್ರತಿಭೆ ಅಸಾಧಾರಣ ಎಂದೇ ದಾಖಲಿಸಿದರು.

ಮತ್ತೆ ಕಾಣದ ತಾಯ್ನಾಡು

ಆಗ ಪೋಲೆಂಡ್ ಸ್ವತಂತ್ರ ದೇಶವಾಗಿರಲಿಲ್ಲ. ನೆರೆಯ ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು, ವಾರ್ಸಾ ರಷ್ಯಾದ ಚಕ್ರವರ್ತಿಯ ಹಿಡಿತದಲ್ಲಿತ್ತು. 1830ರ ನವೆಂಬರ್ 2ರಂದು, 20 ವರ್ಷದ ಶೋಪಾನ್ ಹೆಸರು ಮಾಡಲೆಂದು ವಿಯೆನ್ನಾ ಕಡೆಗೆ ಹೊರಟರು. ಅದೇ ತಿಂಗಳ 29ರಂದು ವಾರ್ಸಾದಲ್ಲಿ ರಷ್ಯಾದ ವಿರುದ್ಧ ದಂಗೆ ಎದ್ದಿತು. ಜೊತೆಗಿದ್ದ ಆಪ್ತ ಗೆಳೆಯ ಟಿಟುಸ್ ಹೋರಾಟಕ್ಕೆ ಸೇರಲು ಊರಿಗೆ ವಾಪಸಾದರು. ಶೋಪಾನ್ ವಿಯೆನ್ನಾದಲ್ಲೇ ಉಳಿದರು.

ಮರುವರ್ಷದ ಸೆಪ್ಟೆಂಬರ್‌ನಲ್ಲಿ ವಾರ್ಸಾ ಮತ್ತೆ ರಷ್ಯಾ ಸೇನೆಯ ವಶವಾಯಿತು. ಸುದ್ದಿ ತಿಳಿದಾಗ ಶೋಪಾನ್ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದರು. ಮನೆಯವರು ಬದುಕಿದ್ದಾರೋ ಇಲ್ಲವೋ ಎಂದು ಒದ್ದಾಡಿದ್ದು, ತಾನು ಕೈಕಟ್ಟಿ ಕೂತೆನಲ್ಲ ಎಂದು ಕುದಿದದ್ದು ಅವರ ದಿನಚರಿಯಲ್ಲಿದೆ. ಎಡಗೈ ಬಿರುಗಾಳಿಯಂತೆ ಹರಿಯುವ ಅವರ ಪ್ರಸಿದ್ಧ ಎಟ್ಯೂಡ್ ಒಂದನ್ನು ಜನ ಇಂದಿಗೂ ಈ ಸಂಕಟದ ಜೊತೆಗೇ ಸೇರಿಸಿ ನೆನೆಯುತ್ತಾರೆ. ಅದೇ ವರ್ಷ ಪ್ಯಾರಿಸ್ ಸೇರಿದ ಶೋಪಾನ್ 1835ರಲ್ಲಿ ಫ್ರೆಂಚ್ ಪ್ರಜೆಯಾದರು. ಆ ಬೇಸಿಗೆಯಲ್ಲಿ ತಂದೆತಾಯಿಯನ್ನು ಬೊಹೀಮಿಯಾದ ಕಾರ್ಲ್ಸ್‌ಬಾಡ್‌ನಲ್ಲಿ ಕಂಡದ್ದೇ ಕೊನೆ. ತಾಯ್ನಾಡಿನ ಮಣ್ಣನ್ನಂತೂ ಮತ್ತೆ ತುಳಿಯಲಿಲ್ಲ.

ಪ್ಯಾರಿಸ್‌ನಲ್ಲಿ ಪಿಯಾನೋ ಕುಸ್ತಿ

1830ರ ದಶಕದ ಪ್ಯಾರಿಸ್ ಎಂದರೆ ಪಿಯಾನೋ ವಾದಕರ ಅಖಾಡ. ಯಾರ ಬೆರಳು ಹೆಚ್ಚು ವೇಗ, ಯಾರ ನಾದ ಹೆಚ್ಚು ಜೋರು, ಯಾರ ಕಛೇರಿಗೆ ಹೆಚ್ಚು ಜನ ಎಂಬ ಪೈಪೋಟಿ ಪತ್ರಿಕೆಗಳಲ್ಲೂ ನಡೆಯುತ್ತಿತ್ತು. ಹಂಗೇರಿ ಮೂಲದ ಫ್ರಾಂಜ್ ಲಿಸ್ಟ್ ವೇದಿಕೆ ಹತ್ತಿದರೆ ಸಭೆಗೆ ಹುಚ್ಚು ಹಿಡಿಯುತ್ತಿತ್ತು. ಅವರಿಗೆ ಸರಿಸಾಟಿಯಾಗಿ ನಿಂತವರು ಸಿಗಿಸ್ಮಂಡ್ ಥಾಲ್‌ಬರ್ಗ್. 1837ರ ಮಾರ್ಚ್‌ನಲ್ಲಿ ಇಟಲಿಯ ರಾಜವಂಶದ ಕ್ರಿಸ್ಟೀನಾ ಬೆಲ್‌ಜೊಯೋಸೊ ಪ್ಯಾರಿಸ್‌ನ ತಮ್ಮ ಮನೆಯಲ್ಲಿ ಇವರಿಬ್ಬರನ್ನೂ ಒಂದೇ ದಿನ ನುಡಿಸಲು ಕರೆದರು. ನಿರಾಶ್ರಿತರ ಸಹಾಯಾರ್ಥ ನಡೆದ ಆ ಕಛೇರಿ ಊರೆಲ್ಲ ಮಾತಾಡುವ ದ್ವಂದ್ವಯುದ್ಧವಾಯಿತು.

ಅದೇ ಸಂದರ್ಭಕ್ಕೆಂದು ಆಕೆ ಇನ್ನೊಂದು ಯೋಜನೆ ಹಾಕಿದ್ದರು. ಬೆಲ್ಲಿನಿ ಅವರ ಒಪೆರಾದ ಒಂದು ರಾಗವನ್ನು ಆರು ಜನ ಪಿಯಾನೋ ದಿಗ್ಗಜರಿಗೆ ಕೊಟ್ಟು, ಒಬ್ಬೊಬ್ಬರೂ ಅದರ ಮೇಲೆ ಒಂದೊಂದು ಭಾಗ ಬರೆಯಬೇಕು ಎಂದರು. ಲಿಸ್ಟ್, ಥಾಲ್‌ಬರ್ಗ್, ಪಿಕ್ಸಿಸ್, ಹೆರ್ಜ್, ಚೆರ್ನಿ ಮತ್ತು ಶೋಪಾನ್ ಆ ಆರು ಮಂದಿ. ರಚನೆ ಆ ದಿನಕ್ಕೆ ಸಿದ್ಧವಾಗಲಿಲ್ಲ, ಆಮೇಲೆ ಹೆಕ್ಸಾಮೆರಾನ್ ಎಂಬ ಹೆಸರಿನಲ್ಲಿ ಹೊರಬಂತು. ಇಂದು ಅದನ್ನು ಕೇಳಿದರೆ ಶೋಪಾನ್ ಎಂಥವರು ಎಂಬುದು ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ. ಉಳಿದವರೆಲ್ಲ ಕೈಚಳಕದ ಪಟಾಕಿ ಸಿಡಿಸುತ್ತಾ ಬರುತ್ತಾರೆ. ಕೊನೆಗೆ ಶೋಪಾನ್ ಅವರ ಸರದಿ ಬಂದಾಗ ಎಲ್ಲವೂ ತಣ್ಣಗಾಗಿ, ಒಂದು ನಿಧಾನವಾದ, ಮೆಲುದನಿಯ ಹಾಡು ಕೇಳಿಸುತ್ತದೆ. ಎಲ್ಲರೂ ಓಡುತ್ತಿದ್ದ ಪಂದ್ಯದಲ್ಲಿ ಅವರು ಓಡಲೇ ಇಲ್ಲ.

ವೇದಿಕೆಯ ಮಟ್ಟಿಗೂ ಅವರು ಹಾಗೆಯೇ ಇದ್ದರು. ಇಡೀ ಜೀವಮಾನದಲ್ಲಿ ಅವರು ಕೊಟ್ಟ ಸಾರ್ವಜನಿಕ ಕಛೇರಿಗಳು 30ರ ಆಸುಪಾಸು. ದೊಡ್ಡ ಸಭಾಂಗಣ, ಅಪರಿಚಿತ ಜನ ಎಂದರೆ ಅವರಿಗೆ ಕಸಿವಿಸಿ. ಹತ್ತಿಪ್ಪತ್ತು ಜನ ಕೂತ ದಿವಾನಖಾನೆಯಲ್ಲಿ, ರಾತ್ರಿ ಹೊತ್ತು, ಮೃದುವಾಗಿ ನುಡಿಸುವುದೇ ಇಷ್ಟ. ಹೊಟ್ಟೆಪಾಡಿಗೆ ಪಾಠ ಹೇಳುತ್ತಿದ್ದರು. ಶಿಷ್ಯರಲ್ಲಿ ಹೆಚ್ಚಿನವರು ಶ್ರೀಮಂತ ಮನೆತನದ ಹೆಣ್ಣುಮಕ್ಕಳು, ಒಂದು ಪಾಠಕ್ಕೆ 20 ಫ್ರಾಂಕ್ ಸಂಭಾವನೆ. ಲಿಸ್ಟ್ ಜೊತೆ ಗೆಳೆತನ ಇತ್ತು. 1833ರಲ್ಲಿ ಅಚ್ಚಾದ ತಮ್ಮ ಮೊದಲ 12 ಎಟ್ಯೂಡ್‌ಗಳನ್ನು ಶೋಪಾನ್ ಅರ್ಪಿಸಿದ್ದೇ ಲಿಸ್ಟ್ ಅವರಿಗೆ.

ಬಡಿದು ನುಡಿಸುವ ವಾದ್ಯ ಹಾಡಿದ್ದು ಹೇಗೆ?

ಶೋಪಾನ್ ಅವರ ನಿಜವಾದ ಸಾಧನೆ ಇರುವುದು ಇಲ್ಲಿ. ಪಿಯಾನೋ ಮೂಲತಃ ಹಾಡುವ ವಾದ್ಯವಲ್ಲ. ಕೀಲಿ ಒತ್ತಿದರೆ ಒಳಗಿರುವ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಬಡಿದ ಮರುಕ್ಷಣದಿಂದ ನಾದ ಕ್ಷೀಣಿಸುತ್ತಾ ಹೋಗುತ್ತದೆ. ಪಿಟೀಲಿನಲ್ಲಿ ಕಮಾನು ಎಳೆದು ಸ್ವರವನ್ನು ಉಬ್ಬಿಸುವಂತೆ, ವೀಣೆಯಲ್ಲಿ ತಂತಿ ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವಂತೆ ಇಲ್ಲಿ ಮಾಡಲಾಗದು. ಗಮಕವೇ ಪ್ರಾಣವಾಗಿರುವ ನಮ್ಮ ಸಂಗೀತ ಕೇಳಿ ಬೆಳೆದವರಿಗೆ ಪಿಯಾನೋ ಸ್ವಲ್ಪ ಒಣಗಿದಂತೆ ಕೇಳುವುದು ಇದೇ ಕಾರಣಕ್ಕೆ.

ಈ ಕೊರತೆಯನ್ನು ಮೀರಲು ಶೋಪಾನ್ ಗಾಯಕರ ಬಳಿ ಹೋದರು. ಇಟಲಿಯ ಒಪೆರಾ ಗಾಯಕರು ಉಸಿರು ಹೇಗೆ ಎಳೆಯುತ್ತಾರೆ, ಸಾಲನ್ನು ಎಲ್ಲಿ ಮುಗಿಸುತ್ತಾರೆ ಎಂದು ಕಿವಿಗೊಟ್ಟು ಕೇಳಿ ಎಂದು ಶಿಷ್ಯರಿಗೆ ಒತ್ತಿ ಹೇಳುತ್ತಿದ್ದರು. ಸ್ವರದಿಂದ ಸ್ವರಕ್ಕೆ ಕೊಂಡಿ ಕಡಿಯದಂತೆ ಬೆರಳು ಜಾರಿಸುವುದು, ಕಾಲಿನ ಪೆಡಲ್‌ನಿಂದ ನಾದವನ್ನು ಹಿಡಿದು ಒಂದರೊಳಗೊಂದು ಬೆರೆಸುವುದು, ಮುಖ್ಯ ಸ್ವರದ ಸುತ್ತ ಸಣ್ಣ ಸ್ವರಗಳ ಗೊಂಚಲು ಹೆಣೆಯುವುದು, ಹೀಗೆ ಒಂದೊಂದಾಗಿ ದಾರಿ ಕಂಡುಕೊಂಡರು. ನಾಕ್ಟರ್ನ್ ಎಂಬ ರಾತ್ರಿಯ ರಚನೆಯ ಪ್ರಕಾರವನ್ನು ಹುಟ್ಟುಹಾಕಿದ್ದು ಐರ್ಲೆಂಡ್‌ನ ಜಾನ್ ಫೀಲ್ಡ್. ಆದರೆ ಆ ಹೆಸರು ಕೇಳಿದರೆ ಇಂದು ನೆನಪಾಗುವುದು ಶೋಪಾನ್ ಅವರ 21 ನಾಕ್ಟರ್ನ್‌ಗಳು.

ಬೆರಳುಗಳ ವಿಷಯದಲ್ಲೂ ಅವರದು ಬೇರೆ ದಾರಿ. ಐದೂ ಬೆರಳುಗಳಿಗೆ ಒಂದೇ ಬಲ ಬರುವವರೆಗೆ ಸಾಧನೆ ಮಾಡಿಸಬೇಕು ಎಂಬುದು ಆ ಕಾಲದ ಬೋಧಕರ ಪಟ್ಟು. ಪ್ರತಿ ಬೆರಳಿನ ರಚನೆಯೇ ಬೇರೆ, ಅದರದರ ಗುಣವನ್ನು ಬಳಸಿಕೊಳ್ಳಬೇಕು ಎಂಬುದು ಶೋಪಾನ್ ನಿಲುವು. ಎಲ್ಲರೂ ಬರೀ ಬಿಳಿ ಕೀಲಿಗಳ ಸಿ ಮೇಜರ್ ಶ್ರೇಣಿಯಿಂದ ಪಾಠ ಶುರು ಮಾಡಿದರೆ, ಇವರು ಐದು ಕಪ್ಪು ಕೀಲಿಗಳಿರುವ ಬಿ ಮೇಜರ್‌ನಿಂದ ಶುರು ಮಾಡಿಸುತ್ತಿದ್ದರು. ಉದ್ದ ಬೆರಳುಗಳು ಎತ್ತರದ ಕಪ್ಪು ಕೀಲಿಗಳ ಮೇಲೆ, ಗಿಡ್ಡ ಬೆರಳುಗಳು ಬಿಳಿ ಕೀಲಿಗಳ ಮೇಲೆ ತಾವಾಗಿ ಕೂರುತ್ತವೆ, ಕೈಗೆ ಆಯಾಸವಿಲ್ಲ ಎಂಬುದು ಲೆಕ್ಕ.

ಕಾಲದ ನಿರ್ವಹಣೆಯೂ ಅಷ್ಟೇ ಸೂಕ್ಷ್ಮ. ಎಡಗೈ ಲಯ ತಪ್ಪದೆ ನಡೆಯುತ್ತಿರಬೇಕು, ಬಲಗೈ ಅದರ ಮೇಲೆ ಕೊಂಚ ಹಿಂದೆ, ಕೊಂಚ ಮುಂದೆ ಓಲಾಡಬಹುದು. ತಾಳ ಗಟ್ಟಿಯಾಗಿ ನಿಂತಿರುವಾಗ ಗಾಯಕ ಅದರ ಮೇಲೆ ಸ್ವಲ್ಪ ಎಳೆದಾಡಿ ಹಾಡಿ ಸರಿಯಾದ ಜಾಗಕ್ಕೆ ಬಂದು ಸೇರುವುದನ್ನು ಬಲ್ಲವರಿಗೆ ಇದು ಹೊಸತೆನಿಸದು. ಇನ್ನು ಎಟ್ಯೂಡ್ ಎಂದರೆ ಅಭ್ಯಾಸ ಪಾಠ. ಕೋಣೆಯ ಬಾಗಿಲು ಹಾಕಿಕೊಂಡು ಬೆರಳು ಪಳಗಿಸಲು ನುಡಿಸುವ ನೀರಸ ಸಾಮಗ್ರಿ ಅದು. ಶೋಪಾನ್ ಅದನ್ನು ವೇದಿಕೆಯ ಮೇಲೆ ಜನ ಕಾದು ಕೇಳುವ ಸಂಗೀತವಾಗಿ ಮಾಡಿದರು.

ಮಳೆ, ಮಠ ಮತ್ತು 24 ಪ್ರೆಲ್ಯೂಡ್‌ಗಳು

ಮರಿಯಾ ವೊಡ್ಜಿನ್ಸ್ಕಾ ಎಂಬ ಪೋಲೆಂಡ್‌ನ ಹುಡುಗಿಯೊಂದಿಗೆ 1836ರಲ್ಲಿ ನಿಶ್ಚಯವಾಗಿದ್ದ ಮದುವೆ ಮರುವರ್ಷ ಮುರಿದುಬಿತ್ತು. ಆಕೆಯ ಮನೆಯವರ ಪತ್ರಗಳನ್ನು ಕಟ್ಟಿಟ್ಟು, ಅದರ ಮೇಲೆ ತಮ್ಮ ದುಃಖ ಎಂಬರ್ಥದ ಎರಡು ಪದ ಬರೆದಿಟ್ಟಿದ್ದರು ಶೋಪಾನ್. ಅದಾದ ಮೇಲೆ ಅವರ ಬದುಕಿಗೆ ಬಂದವರು ಜಾರ್ಜ್ ಸಾಂಡ್ ಎಂಬ ಗಂಡು ಹೆಸರಿನಲ್ಲಿ ಬರೆಯುತ್ತಿದ್ದ ಖ್ಯಾತ ಲೇಖಕಿ. ಶೋಪಾನ್‌ಗಿಂತ ಆರು ವರ್ಷ ದೊಡ್ಡವರು, ಇಬ್ಬರು ಮಕ್ಕಳ ತಾಯಿ.

1838ರ ಚಳಿಗಾಲದಲ್ಲಿ ಇವರೆಲ್ಲ ಸ್ಪೇನ್‌ನ ಮಯೋರ್ಕಾ ದ್ವೀಪಕ್ಕೆ ಹೋದರು. ಬೆಚ್ಚಗಿನ ಹವೆಯಲ್ಲಿ ಶೋಪಾನ್ ಆರೋಗ್ಯ ಸುಧಾರಿಸಲಿ ಎಂಬ ಆಸೆ. ಆಗಿದ್ದು ಉಲ್ಟಾ. ಮಳೆ ಹಿಡಿಯಿತು, ಕೆಮ್ಮು ಏರಿತು. ಕ್ಷಯ ಎಂಬ ಗುಮಾನಿ ಹಬ್ಬುತ್ತಲೇ ಮನೆಯ ಮಾಲೀಕರು ಜಾಗ ಖಾಲಿ ಮಾಡಿಸಿದರು. ಕೊನೆಗೆ ವಾಲ್ದೆಮೋಸಾ ಎಂಬಲ್ಲಿ ಸನ್ಯಾಸಿಗಳು ತೊರೆದಿದ್ದ ಮಠದ ಕೋಣೆಗಳಲ್ಲಿ ಆಸರೆ ಸಿಕ್ಕಿತು. ಪ್ಯಾರಿಸ್‌ನಿಂದ ಕಳಿಸಿದ್ದ ಪಿಯಾನೋ ಸುಂಕದ ಕಟ್ಟೆಯಲ್ಲಿ ಸಿಕ್ಕಿಬಿದ್ದು ಕೈಸೇರಿದ್ದು ಜನವರಿಯಲ್ಲಿ. ಅಲ್ಲಿಯವರೆಗೆ ಅಲ್ಲೇ ಸಿಕ್ಕ ಒಂದು ಸಾಧಾರಣ ಪಿಯಾನೋದಲ್ಲೇ ಕೆಲಸ ನಡೆಯಿತು.

ಆ ಮಠದಲ್ಲಿ ಮುಗಿದದ್ದು 24 ಪ್ರೆಲ್ಯೂಡ್‌ಗಳ ಗುಚ್ಛ. ಶೋಪಾನ್ ತಮ್ಮೊಡನೆ ಒಯ್ದಿದ್ದ ಸಂಗೀತ ಪುಸ್ತಕ ಬಾಖ್ ಅವರದು. ಬಾಖ್ ಮಾಡಿದ್ದಂತೆಯೇ 24 ಶ್ರುತಿಗಳಲ್ಲೂ ಒಂದೊಂದು ರಚನೆ ಇಲ್ಲಿದೆ. ಕೆಲವು ಒಂದು ನಿಮಿಷವೂ ಇಲ್ಲ. ದೊಡ್ಡದೇನೋ ಬರಲಿದೆ ಎಂದು ಮುನ್ನುಡಿಯಂತೆ ನುಡಿಸುತ್ತಿದ್ದ ಪ್ರೆಲ್ಯೂಡ್ ಇಲ್ಲಿ ತಾನೇ ಪೂರ್ತಿ ಮಾತಾಯಿತು.

ಮುಂದೆ ಏಳೆಂಟು ವರ್ಷ ಫ್ರಾನ್ಸ್‌ನ ನೊಹಾಂ ಎಂಬಲ್ಲಿದ್ದ ಸಾಂಡ್ ಅವರ ಹಳ್ಳಿಮನೆಯ ಬೇಸಿಗೆಗಳು ಶೋಪಾನ್ ಪಾಲಿನ ಸುಗ್ಗಿ. ಇಂದು ಜಗತ್ತಿನೆಲ್ಲೆಡೆ ಶವಯಾತ್ರೆಗಳಲ್ಲಿ ಕೇಳಿಬರುವ ಶೋಕಗತಿಯನ್ನು ಒಳಗೊಂಡ ಎರಡನೇ ಸೊನಾಟಾ 1839ರಲ್ಲಿ ಅಲ್ಲಿ ಪೂರ್ಣಗೊಂಡಿತು. 1847ರಲ್ಲಿ ಸಾಂಡ್ ಅವರ ಮಗಳ ಮದುವೆಯ ಜಗಳದಲ್ಲಿ ಈ ಸಂಬಂಧವೂ ಮುರಿಯಿತು.

ಒಪೆರಾ ಬರೆಯಿರಿ ಎಂಬ ಒತ್ತಡ

ಪೋಲೆಂಡ್‌ನ ಜನಕ್ಕೆ ಶೋಪಾನ್ ಮೇಲೆ ಒಂದು ಹಕ್ಕೊತ್ತಾಯ ಇತ್ತು. ದೇಶ ಪರರ ಕೈಯಲ್ಲಿದೆ, ಭಾಷೆಗೆ ಕಷ್ಟವಿದೆ, ನಮ್ಮವನೊಬ್ಬ ಯುರೋಪಿನ ಎತ್ತರದಲ್ಲಿದ್ದಾನೆ, ಅವನು ನಮ್ಮ ಇತಿಹಾಸದ ಮೇಲೆ ಒಪೆರಾ ಬರೆಯಬಾರದೇ? ಗುರು ಎಲ್ಸ್‌ನರ್ ಕೇಳಿದರು, ದೇಶಭ್ರಷ್ಟ ಕವಿ ಆಡಂ ಮಿಕಿಯೆವಿಚ್ ಕೂಡ ಒತ್ತಾಯಿಸಿದರು. ಪಿಯಾನೋ ಮುಂದೆ ಕೂತು ಸಣ್ಣ ಸಣ್ಣ ತುಣುಕು ಬರೆಯುವುದು ಪ್ರತಿಭೆಯ ದುಂದುವೆಚ್ಚ ಎಂಬ ಭಾವನೆ ಹಲವರಲ್ಲಿತ್ತು.

ಶೋಪಾನ್ ಒಪ್ಪಲಿಲ್ಲ. ತಮ್ಮ ಶಕ್ತಿ ಎಲ್ಲಿದೆ ಎಂಬುದು ಅವರಿಗೆ ಸ್ಪಷ್ಟವಿತ್ತು. ಒಪೆರಾದ ಬದಲು ಅವರು ಬರೆದದ್ದು ಮಝುರ್ಕಾ, ಅಂದರೆ ಪೋಲೆಂಡ್‌ನ ಹಳ್ಳಿಯ ಕುಣಿತದ ಲಯ ಹೊತ್ತ ಪುಟ್ಟ ರಚನೆಗಳು. ಐವತ್ತಕ್ಕೂ ಹೆಚ್ಚು ಇವೆ. ಹುಡುಗನಾಗಿದ್ದಾಗ ರಜೆಯಲ್ಲಿ ಹಳ್ಳಿಗೆ ಹೋಗಿ ಕೇಳಿದ್ದ ಕುಣಿತದ ಹೆಜ್ಜೆ, ಜನಪದ ಸ್ವರಗಳ ವಿಚಿತ್ರ ತಿರುವು ಎಲ್ಲವೂ ಪ್ಯಾರಿಸ್‌ನ ದಿವಾನಖಾನೆಯಲ್ಲಿ ಮರಳಿ ಬಂದವು. ಈ ಮಝುರ್ಕಾಗಳಲ್ಲಿ ಏನು ಅಡಗಿದೆ ಎಂದು ರಷ್ಯಾದ ಚಕ್ರವರ್ತಿಗೆ ತಿಳಿದರೆ ಆತ ಇವನ್ನು ನಿಷೇಧಿಸುತ್ತಾನೆ ಎಂಬರ್ಥದಲ್ಲಿ ಜರ್ಮನ್ ಸಂಯೋಜಕ ರಾಬರ್ಟ್ ಶುಮನ್ ಆಗಲೇ ಬರೆದಿದ್ದರು.

ಒಂದು ಶತಮಾನದ ನಂತರ ಅದು ಬೇರೆ ರೂಪದಲ್ಲಿ ನಿಜವಾಯಿತು. ಎರಡನೇ ಮಹಾಯುದ್ಧದಲ್ಲಿ ಪೋಲೆಂಡ್ ಆಕ್ರಮಿಸಿದ ನಾಜಿಗಳು ಅಲ್ಲಿ ಶೋಪಾನ್ ಸಂಗೀತಕ್ಕೆ ನಿರ್ಬಂಧ ಹೇರಿದರು, 1940ರಲ್ಲಿ ವಾರ್ಸಾದ ಉದ್ಯಾನದಲ್ಲಿದ್ದ ಅವರ ಪ್ರತಿಮೆಯನ್ನು ಉರುಳಿಸಿದರು. ಯಹೂದಿ ಪಿಯಾನೋ ವಾದಕ ವ್ಲಾದಿಸ್ಲಾವ್ ಸ್ಪಿಲ್‌ಮನ್ 1939ರ ಸೆಪ್ಟೆಂಬರ್ 23ರಂದು ಬಾಂಬ್ ದಾಳಿಯ ನಡುವೆ ವಾರ್ಸಾ ರೇಡಿಯೋದಲ್ಲಿ ನುಡಿಸಿದ್ದು ಶೋಪಾನ್ ಅವರನ್ನೇ. ಪಾಳುಬಿದ್ದ ನಗರದಲ್ಲಿ ಅಡಗಿದ್ದಾಗ ಜರ್ಮನ್ ಅಧಿಕಾರಿಯ ಮುಂದೆ ಅವರು ನುಡಿಸಿದ್ದೂ ಶೋಪಾನ್ ಅವರದೇ ನಾಕ್ಟರ್ನ್. ದಿ ಪಿಯಾನಿಸ್ಟ್ ಸಿನಿಮಾ ನೋಡಿದವರಿಗೆ ಈ ಕತೆ ಗೊತ್ತು.

ಕೊನೆಯ ದಿನಗಳು

1848ರ ಫೆಬ್ರವರಿ 16ರಂದು ಪ್ಯಾರಿಸ್‌ನಲ್ಲಿ ಶೋಪಾನ್ ಕೊನೆಯ ಕಛೇರಿ ನಡೆಯಿತು. ಒಂದೇ ವಾರದಲ್ಲಿ ಕ್ರಾಂತಿ ಸ್ಫೋಟಿಸಿ ರಾಜ ಓಡಿಹೋದ, ಶಿಷ್ಯರೂ ಚದುರಿದರು. ಶಿಷ್ಯೆ ಜೇನ್ ಸ್ಟರ್ಲಿಂಗ್ ಕರೆದರೆಂದು ಇಂಗ್ಲೆಂಡ್, ಸ್ಕಾಟ್ಲೆಂಡ್ ಸುತ್ತಿದರು. ಅಲ್ಲಿನ ಚಳಿ, ಹೊಗೆ, ಓಡಾಟದಿಂದ ದೇಹ ಇನ್ನಷ್ಟು ಜರ್ಝರಿತವಾಯಿತು. ಆ ನವೆಂಬರ್ 16ರಂದು ಲಂಡನ್‌ನ ಗಿಲ್ಡ್‌ಹಾಲ್‌ನಲ್ಲಿ ನುಡಿಸಿದ್ದೇ ಸಾರ್ವಜನಿಕವಾಗಿ ಕೊನೆ. ಅದು ಪೋಲೆಂಡ್‌ನ ನಿರಾಶ್ರಿತರ ನೆರವಿಗಾಗಿ ನಡೆದ ಕಾರ್ಯಕ್ರಮವಾಗಿತ್ತು.

1849ರ ಅಕ್ಟೋಬರ್ 17ರಂದು ಪ್ಯಾರಿಸ್‌ನ ಮನೆಯಲ್ಲಿ ಪ್ರಾಣ ಹೋಯಿತು. ವಾರ್ಸಾದಿಂದ ಬಂದಿದ್ದ ಅಕ್ಕ ಲುಡ್ವಿಕಾ ಪಕ್ಕದಲ್ಲಿದ್ದರು. ಅಚ್ಚಾಗದ ರಚನೆಗಳನ್ನು ಸುಟ್ಟುಬಿಡಿ ಎಂದು ಶೋಪಾನ್ ಹೇಳಿದ್ದರು. ಗೆಳೆಯ ಜೂಲಿಯನ್ ಫೊಂಟಾನಾ ಆ ಮಾತನ್ನು ಪಾಲಿಸದೆ ಹಲವನ್ನು ಪ್ರಕಟಿಸಿದರು. ಇಂದು ಎಲ್ಲರಿಗೂ ಚಿರಪರಿಚಿತವಾದ ಫ್ಯಾಂಟಸಿ ಇಂಪ್ರಾಮ್‌ಟ್ಯೂ ಉಳಿದದ್ದು ಹಾಗೆ.

ದೇಹಕ್ಕೆ ಪ್ಯಾರಿಸ್‌ನ ಪೆರ್ ಲಾಶೇಸ್ ಸ್ಮಶಾನದಲ್ಲಿ ಜಾಗವಾಯಿತು. ಹೃದಯವನ್ನು ಮದ್ಯಸಾರ ತುಂಬಿದ ಜಾಡಿಯಲ್ಲಿಟ್ಟು ಲುಡ್ವಿಕಾ ವಾರ್ಸಾಗೆ ಒಯ್ದರು. ಅದು ಈಗ ಅಲ್ಲಿನ ಹೋಲಿ ಕ್ರಾಸ್ ಚರ್ಚ್‌ನ ಕಂಬವೊಂದರೊಳಗೆ ಇದೆ. 2014ರಲ್ಲಿ ತಜ್ಞರು ಜಾಡಿಯನ್ನು ತೆರೆಯದೆ ಪರಿಶೀಲಿಸಿ, ಕ್ಷಯದಿಂದ ಹೃದಯದ ಹೊರಪೊರೆಗೆ ತಗುಲಿದ ಉರಿಯೂತವೇ ಸಾವಿಗೆ ಕಾರಣವಾಗಿರುವ ಸಂಭವ ಹೆಚ್ಚು ಎಂಬ ಅಭಿಪ್ರಾಯಕ್ಕೆ ಬಂದರು.

ಹಾಗಾದರೆ ಯಾರು ದೊಡ್ಡವರು?

ಬದುಕಿದ್ದಾಗಲೇ ಶೋಪಾನ್ ಅವರನ್ನು ಬರೀ ದಿವಾನಖಾನೆಯ ಸಂಗೀತಗಾರ ಎಂದು ಬದಿಗೆ ಸರಿಸಿದವರಿದ್ದರು. ಆದರೆ ನಂತರದ ಸಂಯೋಜಕರ ತೀರ್ಪು ಬೇರೆಯೇ ಆಯಿತು. ಅವರ ಸಮಗ್ರ ಕೃತಿಗಳ ಸಂಪಾದನೆಯಲ್ಲಿ ಬ್ರಾಮ್ಸ್ ಕೈಜೋಡಿಸಿದರು. ಡೆಬ್ಯುಸಿ ಶೋಪಾನ್ ಕೃತಿಗಳನ್ನು ಸಂಪಾದಿಸಿದ್ದಲ್ಲದೆ, 1915ರ ತಮ್ಮ ಎಟ್ಯೂಡ್‌ಗಳನ್ನು ಅವರ ನೆನಪಿಗೇ ಅರ್ಪಿಸಿದರು. ಸ್ಕ್ರಿಯಾಬಿನ್, ರಖ್ಮನಿನೋಫ್ ಇಬ್ಬರೂ 24 ಪ್ರೆಲ್ಯೂಡ್‌ಗಳ ದಾರಿ ಹಿಡಿದರು. ಬೀಥೋವನ್ ಪಿಯಾನೋದಲ್ಲಿ ಇಡೀ ವಾದ್ಯವೃಂದವನ್ನು ಕೇಳಿಸಿದರು, ಲಿಸ್ಟ್ ಅದರ ಬಲವನ್ನು ತೋರಿಸಿದರು. ಅದಕ್ಕೆ ಕೊರಳು ಕೊಟ್ಟವರು ಶೋಪಾನ್. ಈ ಮೂರನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಹೇಗೆ?

ಇಂಥ ತೂಕದ ಕಷ್ಟ ಶೋಪಾನ್ ಹೆಸರಿನಲ್ಲೇ ಬಹಿರಂಗವಾದದ್ದೂ ಉಂಟು. ವಾರ್ಸಾದಲ್ಲಿ 1927ರಿಂದ ನಡೆಯುತ್ತಿರುವ, ಈಗ ಐದು ವರ್ಷಕ್ಕೊಮ್ಮೆ ಬರುವ ಶೋಪಾನ್ ಸ್ಪರ್ಧೆಯಲ್ಲಿ 1980ರಲ್ಲಿ ಇವೊ ಪೊಗೊರೆಲಿಚ್ ಅವರನ್ನು ಅಂತಿಮ ಸುತ್ತಿಗೆ ಕಳಿಸದಿದ್ದಾಗ, 1965ರ ವಿಜೇತೆ ಮಾರ್ತಾ ಅರ್ಗೆರಿಚ್ ಪ್ರತಿಭಟಿಸಿ ತೀರ್ಪುಗಾರರ ಸ್ಥಾನವನ್ನೇ ಬಿಟ್ಟು ಹೊರನಡೆದರು. ಆ ಬಾರಿ ಗೆದ್ದವರು ವಿಯೆಟ್ನಾಂನ ಡಾಂಗ್ ಥಾಯ್ ಸೋನ್, ಈ ಪ್ರಶಸ್ತಿ ಪಡೆದ ಏಷ್ಯಾದ ಮೊದಲಿಗರು. ಒಂದೇ ಸಂಗೀತವನ್ನು ನುಡಿಸಿದವರ ನಡುವೆಯೇ ಬಲ್ಲವರಿಗೆ ಒಮ್ಮತ ಸಾಧ್ಯವಾಗಲಿಲ್ಲ.

ಆ ಸ್ಪರ್ಧೆ ನಡೆಯುವುದು ಅಕ್ಟೋಬರ್‌ನಲ್ಲಿ. ಶೋಪಾನ್ ತೀರಿಕೊಂಡ 17ನೇ ತಾರೀಕು ಮಾತ್ರ ಅಂಕ, ಸುತ್ತು, ಫಲಿತಾಂಶ ಯಾವುದೂ ಇಲ್ಲ. ಅಂದು ಅವರ ಹೃದಯವಿರುವ ಚರ್ಚ್‌ನಲ್ಲಿ ಜನ ಸೇರುತ್ತಾರೆ. ಅಲ್ಲಿ ಹಾಡುವುದು ಶೋಪಾನ್ ರಚನೆಯನ್ನಲ್ಲ, ಮೊಜಾರ್ಟ್ ಅವರ ರಿಕ್ವಿಯೆಮ್ ಅನ್ನು. ತನ್ನ ಅಂತ್ಯಕ್ರಿಯೆಯಲ್ಲಿ ಅದನ್ನೇ ಹಾಡಬೇಕು ಎಂಬುದು ಶೋಪಾನ್ ಅವರ ಇಚ್ಛೆಯಾಗಿತ್ತು.